ಲಾಲ್ ಬಹಾದೂರ್ ಶಾಸ್ತ್ರಿ

ಎಳವೆಯಲ್ಲಿಯೇ ತಂದೆಯನ್ನು ಕಳೆದುಕೊಂಡು ಬಡತನದಲ್ಲಿ ಬೆಳೆದ ಲಾಲ್ ಬಹಾದೂರ್ ಶಾಸ್ತ್ರಿಯವರು 1961ರಲ್ಲಿ ಭಾರತದ ಗೃಹಮಂತ್ರಿಗಳಾದರು. ತಾವು ಶುದ್ಧಹಸ್ತರೆಂದು ಅವರು ಸುಮ್ಮನೆ ಕೂರಲಿಲ್ಲ. ಒಬ್ಬ ಮಂತ್ರಿಯ ಪ್ರಾಮಾಣಿಕತೆ ಸಾವಿರಾರು ಕಚೇರಿಗಳನ್ನು ಕಾಯಲಾರದಷ್ಟೆ. ಇರುವ ಏರ್ಪಾಡುಗಳು ಲಂಚಗುಳಿತನವನ್ನು ಎಷ್ಟರಮಟ್ಟಿಗೆ ತಡೆಯಬಲ್ಲವೆಂದು ಪರಿಶೀಲಿಸಲು 1962ರಲ್ಲಿ ಕೆ. ಸಂತಾನಂ ಅವರ ಅಧ್ಯಕ್ಷತೆಯಲ್ಲಿ ಸಮಿತಿಯೊಂದನ್ನು ನೇಮಿಸಿದರು. ಅದರ ಸಲಹೆಯಂತೆ 1964ರಲ್ಲಿ ಕೇಂದ್ರ ಜಾಗೃತ ಆಯೋಗವು ಸ್ಥಾಪನೆಯಾಯಿತು. ಕನ್ನಡಿಗರಾದ ನಿಟ್ಟೂರು ಶ್ರೀನಿವಾಸರಾಯರೇ ಅದರ ಪ್ರಥಮ ಆಯುಕ್ತರು. ಆದರೆ ಆಯೋಗವು ಸಲಹೆ ನೀಡಬಹುದಿತ್ತೇ ಹೊರತು ತಪ್ಪಿತಸ್ಥರನ್ನು ತಾನೇ ಶಿಕ್ಷಿಸುವಂತಿರಲಿಲ್ಲ. ಇದು ದೊಡ್ಡ ಕೊರತೆಯೇ ಸರಿ. ಶಾಸನದ ಆಧಾರವು ಅದಕ್ಕೆ ಭದ್ರವಾಗಿ ದೊರೆತದ್ದು 2003ರಲ್ಲಿ.

ಪ್ರಧಾನಿಯಾಗಿದ್ದಾಗಲೇ, 1966ರಲ್ಲಿ, ಶಾಸ್ತ್ರಿಯವರು ತಾಷ್ಕೆಂಟಿನಲ್ಲಿ ತೀರಿಕೊಂಡರು. ಕಾರು ಕೊಳ್ಳಲು ಬ್ಯಾಂಕಿನಿಂದ ಪಡೆದಿದ್ದ ಸಾಲ ಇನ್ನೂ ಉಳಿದಿತ್ತು. ಅದನ್ನು ಪತ್ನಿ ಲಲಿತಾ ಅವರು ತಮ್ಮ ಪಿಂಚಣಿಯಿಂದ ತೀರಿಸಿದರು.