ಸ್ನೇಹಲತಾ ರೆಡ್ಡಿ: ಚುನಾವಣೆ ಬಂತು, ಅವರಿರಲಿಲ್ಲ

ಮಹದೇವಪುರದ ಮತದಾರರ ಪಟ್ಟಿ ದೇಶದ ಸುದ್ದಿಯಾಗಿದ್ದು 2025ರ ಆಗಸ್ಟ್ 7ರಂದು. ಅಲ್ಲಿ 1,00,250 ಮತಗಳು ಕಳುವಾಗಿವೆ ಅಂತ ರಾಹುಲ್ ಗಾಂಧಿ ದೆಹಲಿಯಲ್ಲಿ ಆರೋಪ ಮಾಡಿದರು, ಚುನಾವಣಾ ಆಯೋಗ ಅದನ್ನು ತಳ್ಳಿಹಾಕಿತು. ಮರುದಿನವೇ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಕಾಂಗ್ರೆಸ್ಸಿನ ದೊಡ್ಡ ಸಭೆ. ನಾನು ಕೆ.ಆರ್. ಪುರದವನು. ಇಂಜಿನಿಯರಿಂಗ್ ಮುಗಿಸಿ, ಪತ್ರಕರ್ತನಾಗುವ ಮುಂಚೆ, ಕೆಲವು ವರ್ಷ ಮಹದೇವಪುರದ ಗಾಜಿನ ಕಟ್ಟಡವೊಂದರಲ್ಲಿ ಕೂತು ಕೋಡ್ ಬರೆದವನು. ಹಾಗಾಗಿ ಇದು ನನಗೆ ಪಕ್ಕದ ಬೀದಿಯ ಜಗಳ. 2022ರ ನವೆಂಬರ್‌ನಲ್ಲಿ ಮತದಾರರ ಮಾಹಿತಿ ಕಳವಿನ ಗಲಾಟೆ ಎದ್ದಾಗ ಆಯೋಗ ಪಟ್ಟಿಯನ್ನು ಮತ್ತೆ ಪರಿಶೀಲಿಸಲು ಹೇಳಿದ ಮೂರು ಕ್ಷೇತ್ರಗಳಲ್ಲೂ ಶಿವಾಜಿನಗರ ಮತ್ತು ಮಹದೇವಪುರ ಇದ್ದವು. ಇನ್ನೊಂದು ಚಿಕ್ಕಪೇಟೆ. ಆಗ ರಾಜ್ಯದಲ್ಲಿದ್ದದ್ದು ಬಿಜೆಪಿ ಸರ್ಕಾರ.

ಪಟ್ಟಿಯ ಜಗಳ ಅಷ್ಟಕ್ಕೇ ಇರಲಿ. ಸಭೆ ನಡೆದ ಜಾಗಕ್ಕೆ ಬರೋಣ. ಫ್ರೀಡಂ ಪಾರ್ಕ್ ಅಂದರೆ ಹಳೇ ಸೆಂಟ್ರಲ್ ಜೈಲು. ಕೈದಿಗಳನ್ನು ಪರಪ್ಪನ ಅಗ್ರಹಾರಕ್ಕೆ ಸಾಗಿಸಿದ ಮೇಲೆ ಉಳಿದ ಜಾಗವನ್ನು ಪಾರ್ಕ್ ಮಾಡಿ 2008ರಲ್ಲಿ ತೆರೆದರು. ಕಾವಲು ಗೋಪುರ, ಒಂದಷ್ಟು ಬ್ಯಾರಕ್ಕು ಹಾಗೇ ಇವೆ. ಈಗ ಬೆಂಗಳೂರಿನಲ್ಲಿ ನೀವು ಯಾವುದರ ವಿರುದ್ಧ ಘೋಷಣೆ ಕೂಗಬೇಕು ಅಂದರೂ ಪೊಲೀಸರು ತೋರಿಸುವ ಜಾಗ ಇದೊಂದೇ. 1976ರಲ್ಲಿ ಕಾಂಗ್ರೆಸ್ ಸರ್ಕಾರ ಇದೇ ಜೈಲಿನಲ್ಲಿ ಸ್ನೇಹಲತಾ ರೆಡ್ಡಿ ಅನ್ನುವ ನಟಿಯನ್ನು ಎಂಟು ತಿಂಗಳಿಗೂ ಹೆಚ್ಚು ಕಾಲ ಕೂಡಿಹಾಕಿತ್ತು.

ನನ್ನ ವಾರಿಗೆಯವರಲ್ಲಿ ಹೆಚ್ಚಿನವರಿಗೆ ಅವರು 'ಸಂಸ್ಕಾರ'ದ ಚಂದ್ರಿ ಅಂತಷ್ಟೇ ಗೊತ್ತು. ಅದೂ ಯೂಟ್ಯೂಬ್‌ನಲ್ಲಿ ಸಿನಿಮಾ ನೋಡಿದವರಿಗೆ.

ಹುಟ್ಟಿದ್ದು 1932ರಲ್ಲಿ, ಆಂಧ್ರದ ಕ್ರೈಸ್ತ ಕುಟುಂಬದಲ್ಲಿ. ಕಾಲೇಜು ದಿನಗಳಲ್ಲೇ ಬ್ರಿಟಿಷರ ಆಳ್ವಿಕೆ ಮೇಲಿನ ಸಿಟ್ಟಿಗೆ ಭಾರತೀಯ ಹೆಸರನ್ನೇ ಹಿಡಿದರು, ಸೀರೆ ಮತ್ತು ದೊಡ್ಡ ಕುಂಕುಮ ಅವರ ಗುರುತಾಯಿತು. ಐವತ್ತರ ದಶಕದ ಮದ್ರಾಸಿನಲ್ಲಿ ಇಂಗ್ಲಿಷ್ ನಾಟಕಗಳ ತಂಡ ಮದ್ರಾಸ್ ಪ್ಲೇಯರ್ಸ್ ಕಟ್ಟಿದವರಲ್ಲಿ ಅವರೂ ಒಬ್ಬರು. ಮದುವೆಯಾದದ್ದು ತೆಲುಗು ಕವಿ, ಸಿನಿಮಾ ನಿರ್ಮಾಪಕ ಪಟ್ಟಾಭಿರಾಮ ರೆಡ್ಡಿಯವರನ್ನು. ಗಂಡಹೆಂಡತಿ ಇಬ್ಬರೂ ರಾಮಮನೋಹರ ಲೋಹಿಯಾ ಪ್ರಭಾವಕ್ಕೆ ಸಿಕ್ಕವರು. ಇದನ್ನು ಮರೆತರೆ ಮುಂದಿನ ಕಥೆ ಅರ್ಥ ಆಗಲ್ಲ. ಕನ್ನಡದ ಲೇಖಕರ ಒಂದು ತಲೆಮಾರೇ ಆಗ ಲೋಹಿಯಾ ಗುಂಗಿನಲ್ಲಿತ್ತು. ತೆಲುಗಿನ ಪಟ್ಟಾಭಿ ಕನ್ನಡಕ್ಕೆ ಬಂದು ಅನಂತಮೂರ್ತಿಯವರ ಕಾದಂಬರಿಯನ್ನೇ ಸಿನಿಮಾ ಮಾಡಿದ್ದು ಆ ನಂಟಿನಿಂದ. ಗಿರೀಶ್ ಕಾರ್ನಾಡ್ ಪ್ರಾಣೇಶಾಚಾರ್ಯ, ಲಂಕೇಶ್ ನಾರಣಪ್ಪ, ಸ್ನೇಹಲತಾ ಚಂದ್ರಿ. ಮದ್ರಾಸಿನ ಸೆನ್ಸಾರ್ ಮಂಡಳಿ ನಿಷೇಧಿಸಿತು, ಆಮೇಲೆ ಕೇಂದ್ರ ಆ ನಿಷೇಧ ತೆಗೆಯಿತು, 1970ರ ಅತ್ಯುತ್ತಮ ಚಿತ್ರವೆಂದು ರಾಷ್ಟ್ರಪತಿಗಳ ಚಿನ್ನದ ಪದಕವೂ ಬಂತು. ಕನ್ನಡಕ್ಕೆ ಅದು ಮೊದಲನೆಯದು. ನಿಷೇಧಿಸಿದ ಸರ್ಕಾರವೇ ಬಹುಮಾನ ಕೊಡೋದು ನಮ್ಮಲ್ಲಿ ಹಳೇ ಸಂಪ್ರದಾಯ ಬಿಡಿ.

ಬೆಂಗಳೂರಿನಲ್ಲಿ ಅವರ ಮನೆ ಇದ್ದದ್ದು ದಂಡು ಪ್ರದೇಶದಲ್ಲಿ, ಸೇಂಟ್ ಮಾರ್ಕ್ಸ್ ರಸ್ತೆಯಲ್ಲಿ. ಇಂಗ್ಲಿಷ್, ತೆಲುಗು, ತಮಿಳು, ಉರ್ದು, ಕನ್ನಡ ಎಲ್ಲ ಕಲಸಿದ ಆ ಭಾಗಕ್ಕೆ ಈ ಕುಟುಂಬ ಚೆನ್ನಾಗಿ ಹೊಂದುತ್ತಿತ್ತು. ನಾಟಕದವರು, ಬರಹಗಾರರು, ಸಮಾಜವಾದಿಗಳು ಬಂದು ಹೋಗುವ ಮನೆ. ಅಲ್ಲಿಂದ ನಡೆದು ಹೋಗುವಷ್ಟು ದೂರದ ರಿಚ್ಮಂಡ್ ಟೌನ್‌ನಲ್ಲಿ ಜಾರ್ಜ್ ಫರ್ನಾಂಡಿಸ್ ಅವರ ತಂದೆತಾಯಿಯ ಮನೆ. ಜಾರ್ಜ್ ತಮ್ಮ ಮೈಕೆಲ್ ಕೆಲಸದಲ್ಲಿದ್ದದ್ದು ನಮ್ಮ ಕೆ.ಆರ್. ಪುರದ ಪಕ್ಕದ ದೂರವಾಣಿನಗರದ ಐಟಿಐ ಕಾರ್ಖಾನೆಯಲ್ಲಿ, ಕಾರ್ಮಿಕ ನಾಯಕರಾಗಿ. ಭೂಗತ ಚಳವಳಿ ಅಂದರೆ ಕಾಡುಮೇಡು ನೆನಪಾಗುತ್ತೆ. ಬೆಂಗಳೂರಿನ ಮಟ್ಟಿಗೆ ಅದು ಇಂಥ ಊಟದ ಕೋಣೆಗಳಲ್ಲಿ, ಕಾರ್ಖಾನೆ ಗೇಟುಗಳಲ್ಲಿ ನಡೆಯುತ್ತಿತ್ತು.

ಇನ್ನು ತಾರೀಖುಗಳು. ಇವನ್ನು ಒಂದರ ಪಕ್ಕ ಒಂದು ಇಟ್ಟು ನೋಡಿದಾಗಲೇ ನನಗೆ ಸ್ನೇಹಲತಾ ಕಥೆ ಚುನಾವಣೆಯ ಕಥೆ ಅಂತ ಹೊಳೆದದ್ದು.

1974ರಲ್ಲಿ ಜಯಪ್ರಕಾಶ ನಾರಾಯಣ್ 'ಸಿಟಿಜನ್ಸ್ ಫಾರ್ ಡೆಮಾಕ್ರಸಿ' ಅನ್ನುವ ನಾಗರಿಕರ ಸಂಘಟನೆ ಕಟ್ಟಿದರು. ಅದರ ಪರವಾಗಿ ವಿ.ಎಂ. ತಾರ್ಕುಂಡೆ ಸಮಿತಿ 1975ರ ಫೆಬ್ರವರಿಯಲ್ಲಿ ಚುನಾವಣಾ ಸುಧಾರಣೆಯ ವರದಿ ಕೊಟ್ಟಿತು. ಮತದಾನದ ವಯಸ್ಸು 18ಕ್ಕೆ ಇಳಿಸಿ, ಆಯೋಗದಲ್ಲಿ ಒಬ್ಬರ ಬದಲು ಮೂವರಿರಲಿ, ಚುನಾವಣೆ ಹೊತ್ತಿಗೆ ಸರ್ಕಾರ ಬರೀ ಉಸ್ತುವಾರಿಯಾಗಿರಲಿ, ಊರೂರಲ್ಲಿ ಮತದಾರರ ಸಮಿತಿಗಳಿರಲಿ ಅಂತೆಲ್ಲ ಅದು ಹೇಳಿತು. ನಿಮ್ಮಲ್ಲಿ 18ಕ್ಕೇ ಓಟು ಹಾಕಿದವರು ಇದ್ದೀರಲ್ಲ, ಆ ಬೇಡಿಕೆಯನ್ನು ಹೊತ್ತು ತಿರುಗಿದವರಲ್ಲಿ ಇವರೂ ಇದ್ದರು. ಕಾನೂನಾಗಲು ಮತ್ತೆ ಸುಮಾರು 14 ವರ್ಷ ಹಿಡಿಯಿತು.

ಜೂನ್ 12ಕ್ಕೆ ಅಲಹಾಬಾದ್ ಹೈಕೋರ್ಟ್ ಇಂದಿರಾ ಗಾಂಧಿಯವರ ರಾಯ್‌ಬರೇಲಿ ಗೆಲುವನ್ನೇ ಅಸಿಂಧು ಮಾಡಿತು. ಜೂನ್ 25ರ ರಾತ್ರಿ ತುರ್ತು ಪರಿಸ್ಥಿತಿ. ಸಂಸದೀಯ ಸಮಿತಿ ಸಭೆಗೆ ಬೆಂಗಳೂರಿಗೆ ಬಂದಿದ್ದ ವಾಜಪೇಯಿ, ಅಡ್ವಾಣಿ, ಮಧು ದಂಡವತೆ ಮರುದಿನವೇ ಇದೇ ಸೆಂಟ್ರಲ್ ಜೈಲು ಸೇರಿದರು. ಆಗಸ್ಟ್‌ನಲ್ಲಿ ಸಂವಿಧಾನಕ್ಕೆ 39ನೇ ತಿದ್ದುಪಡಿ ತಂದು, ಪ್ರಧಾನಿಯ ಚುನಾವಣೆಯನ್ನು ಕೋರ್ಟು ಮುಟ್ಟದಂತೆ ಬೇಲಿ ಹಾಕಿದರು. ಮುಂದಿನದ್ದನ್ನು ಗಮನಿಸಿ. 1971ರಲ್ಲಿ ಆರಿಸಿ ಬಂದ ಲೋಕಸಭೆಯ ಐದು ವರ್ಷ 1976ರ ಮಾರ್ಚ್‌ಗೆ ಮುಗಿಯಬೇಕಿತ್ತು. ಫೆಬ್ರವರಿಯಲ್ಲಿ ಲೋಕಸಭೆ ತನ್ನ ಆಯುಷ್ಯವನ್ನು ತಾನೇ ಒಂದು ವರ್ಷ ಹೆಚ್ಚಿಸಿಕೊಂಡಿತು. ನವೆಂಬರ್‌ನಲ್ಲಿ ಇನ್ನೊಂದು ವರ್ಷ. ಸಾಫ್ಟ್‌ವೇರ್ ಭಾಷೆಯಲ್ಲಿ ಹೇಳುವುದಾದರೆ, ಲೈಸೆನ್ಸ್ ಮುಗಿದ ಪ್ರೋಗ್ರಾಮು ತನ್ನ ಎಕ್ಸ್‌ಪೈರಿ ಡೇಟನ್ನು ತಾನೇ ತಿದ್ದಿಕೊಂಡ ಹಾಗೆ.

1976ರ ಏಪ್ರಿಲ್ 28ಕ್ಕೆ ಸುಪ್ರೀಂ ಕೋರ್ಟ್, ಬಂಧಿತರಿಗೆ ಹೇಬಿಯಸ್ ಕಾರ್ಪಸ್ ಕೇಳುವ ಹಕ್ಕೂ ಇಲ್ಲ ಅಂದಿತು. ಕೇಳಬಹುದು ಅಂದಿದ್ದ ಹೈಕೋರ್ಟುಗಳಲ್ಲಿ ಕರ್ನಾಟಕದ್ದೂ ಒಂದು. ಐವರು ನ್ಯಾಯಮೂರ್ತಿಗಳಲ್ಲಿ ಎಚ್.ಆರ್. ಖನ್ನಾ ಒಬ್ಬರದೇ ಭಿನ್ನಮತ. ಮೂರನೇ ದಿನ, ಮೇ 1ಕ್ಕೆ, ಪೊಲೀಸರು ಜಾರ್ಜ್‌ರ ಇನ್ನೊಬ್ಬ ತಮ್ಮ ಲಾರೆನ್ಸ್‌ರನ್ನು ರಿಚ್ಮಂಡ್ ಟೌನ್‌ನಿಂದ ಎತ್ತಿಕೊಂಡು ಹೋಗಿ ಕೈಕಾಲು ಆಡದಂತೆ ಹೊಡೆದರು. ಮೈಕೆಲ್ ಹಿಂದಿನ ಡಿಸೆಂಬರ್‌ನಿಂದಲೇ ಒಳಗಿದ್ದರು. ಮೇ 2ಕ್ಕೆ ಸ್ನೇಹಲತಾ.

ಅಂದರೆ ಅವರನ್ನು ಬಂಧಿಸಿದ ದಿನ, ನಿಯಮದ ಪ್ರಕಾರ ಚುನಾವಣೆ ಮುಗಿದು ಹೊಸ ಲೋಕಸಭೆ ಕೂತಿರಬೇಕಿತ್ತು. ಬಂಧಿಸಿದವರ ಜನಾದೇಶವೇ ಮುಗಿದಿತ್ತು.

ಬರೋಡಾ ಡೈನಮೈಟ್ ಪ್ರಕರಣದ ಜತೆ ಅವರ ಹೆಸರು ತಳಕು ಹಾಕಿಕೊಂಡಿತ್ತು. ಈ ವಿಷಯದಲ್ಲಿ ನಾನು ಜಾರ್ಜ್ ಗುಂಪಿನ ವಕೀಲನಲ್ಲ. ರೈಲು ಹಳಿ ಉಡಾಯಿಸಲು ಡೈನಮೈಟ್ ಒಟ್ಟುಮಾಡಿ, ಜೀವಹಾನಿ ಆಗದಂತೆ ನೋಡಿಕೊಳ್ಳುತ್ತೇವೆ ಅನ್ನುವ ವಾದ ನನಗೆ ಯಾವತ್ತೂ ಒಪ್ಪಿಗೆಯಾಗಿಲ್ಲ. ಆದರೆ ಸ್ನೇಹಲತಾ ವಿಷಯದಲ್ಲಿ ಆ ಚರ್ಚೆ ಮಾಡುವ ಅವಕಾಶವನ್ನು ಸರ್ಕಾರವೇ ಕೊಡಲಿಲ್ಲ. ಅಂತಿಮ ಆರೋಪಪಟ್ಟಿಯಲ್ಲಿ ಅವರ ಹೆಸರೇ ಇರಲಿಲ್ಲ. ಆಮೇಲೂ ಬಿಡಲಿಲ್ಲ, ಮೀಸಾ ಕೆಳಗೆ ಒಳಗೇ ಇಟ್ಟುಕೊಂಡರು. ಮೀಸಾಕ್ಕೆ ಆರೋಪ ಬೇಕಿರಲಿಲ್ಲ.

ಒಬ್ಬರು ಹಿಡಿಸುವಷ್ಟು ಕೋಣೆ, ಶೌಚಕ್ಕೆ ಮೂಲೆಯಲ್ಲೊಂದು ಗುಂಡಿ. ಅವರಿಗೆ ಮೊದಲಿಂದಲೂ ಅಸ್ತಮಾ. ರಾತ್ರಿ ಹೊತ್ತು ಉಸಿರು ಸಿಗದೆ ಅವರು ಕೂಗುತ್ತಿದ್ದದ್ದು ತಮಗೆ ಕೇಳಿಸುತ್ತಿತ್ತು ಅಂತ ದಂಡವತೆ ಆಮೇಲೆ ಬರೆದರು. ಚಿಕಿತ್ಸೆ ಸರಿಯಾಗಿ ಸಿಗಲಿಲ್ಲ. ಅಷ್ಟರ ನಡುವೆಯೂ ಅವರು ಒಳಗೆ ಸುಮ್ಮನೆ ಕೂತವರಲ್ಲ. ಪತ್ರಿಕೆಗಳಿಗೆ ಯಾವತ್ತೂ ಸುದ್ದಿಯಾಗದ ಬಡ ಹೆಂಗಸರು ಜೈಲಿನ ತುಂಬ ಇದ್ದರು. ಅವರಿಗೆ ಬೀಳುತ್ತಿದ್ದ ಏಟು, ಅವರಿಗೆ ಹಾಕುತ್ತಿದ್ದ ಊಟ, ಇವೆರಡಕ್ಕೂ ಸ್ನೇಹಲತಾ ಉಪವಾಸ ಕೂತು ಜಗಳ ಮಾಡಿದರು, ಹಾಡು ನಾಟಕ ಕಲಿಸಿದರು. ಕದ್ದುಮುಚ್ಚಿ ಬರೆದಿಟ್ಟ ಟಿಪ್ಪಣಿಗಳು 1977ರಲ್ಲಿ ಜೈಲು ಡೈರಿಯಾಗಿ ಪ್ರಕಟವಾದವು. ಅದನ್ನು ಓದುವಾಗ ನನಗೆ ಅನ್ನಿಸಿದ್ದು: ರಾಜಕೀಯ ಕೈದಿ ಅನ್ನುವ ಪಟ್ಟ ಅವರಿಗೆ ಅಷ್ಟು ದೊಡ್ಡದಾಗಿರಲಿಲ್ಲ, ಪಕ್ಕದ ಕೋಣೆಯವಳ ತಟ್ಟೆಯಲ್ಲಿ ಏನಿದೆ ಅನ್ನೋದು ದೊಡ್ಡದಾಗಿತ್ತು.

ನಮ್ಮ ಕಡೆಯವರಿಗೆ ಕಷ್ಟ ಆಗುವ ಇನ್ನೊಂದು ಮಾತು. ಆ ಜೈಲು ದೆಹಲಿಯದ್ದಲ್ಲ, ಕರ್ನಾಟಕ ಸರ್ಕಾರದ್ದು. ಮುಖ್ಯಮಂತ್ರಿ ದೇವರಾಜ ಅರಸು. ಉಳುವವನಿಗೆ ಭೂಮಿ ಕೊಟ್ಟ, ಹಿಂದುಳಿದವರಿಗೆ ಬಾಗಿಲು ತೆರೆದ ಅದೇ ಅರಸು. ಆ ಕೆಲಸಗಳಿಗೆ ನಾನು ಋಣಿ, ನನ್ನ ಅಜ್ಜನ ಹೆಸರಿಗೆ ಪಹಣಿ ಬಂದಿದ್ದೂ ಆ ಕಾಲದಲ್ಲೇ. ಹಾಗಂತ ಅರಸು ಜಯಂತಿಯ ಭಾಷಣಗಳಲ್ಲಿ ಸ್ನೇಹಲತಾ ಹೆಸರು ಬಿಟ್ಟುಬಿಡೋದು ಸರಿಯಲ್ಲ. ಅವೆರಡೂ ಒಂದೇ ಸರ್ಕಾರ ಮಾಡಿದ್ದು.

ಆರೋಗ್ಯ ಪೂರ್ತಿ ಕೆಟ್ಟ ಮೇಲೆ 1977ರ ಜನವರಿ 15ಕ್ಕೆ ಪೆರೋಲ್ ಮೇಲೆ ಬಿಟ್ಟರು. ಜನವರಿ 18ಕ್ಕೆ ಇಂದಿರಾ ಗಾಂಧಿ ಲೋಕಸಭೆ ವಿಸರ್ಜಿಸಿ ಚುನಾವಣೆ ಘೋಷಿಸಿದರು. ಜನವರಿ 20ಕ್ಕೆ ಸ್ನೇಹಲತಾ ತೀರಿಕೊಂಡರು. 45ರ ಆಸುಪಾಸು.

ಲಂಕೇಶರ 'ಕ್ರಾಂತಿ ಬಂತು ಕ್ರಾಂತಿ' ನಾಟಕ ಆಧರಿಸಿ ಪಟ್ಟಾಭಿ ಮಾಡಿದ್ದ 'ಚಂಡಮಾರುತ' ಬಂದದ್ದೂ ಆ ವರ್ಷವೇ, ನಟಿ ಹೋದ ಮೇಲೆ.

ಮಾರ್ಚ್ 16ರಿಂದ 20ರವರೆಗೆ ಮತದಾನ ನಡೆಯಿತು. ತುರ್ತು ಪರಿಸ್ಥಿತಿ ಇನ್ನೂ ಜಾರಿಯಲ್ಲೇ ಇತ್ತು, ತೆಗೆದದ್ದು ಮಾರ್ಚ್ 21ಕ್ಕೆ. ಉತ್ತರದಲ್ಲಿ ಕಾಂಗ್ರೆಸ್ ಕೊಚ್ಚಿಹೋಯಿತು, ರಾಯ್‌ಬರೇಲಿಯಲ್ಲಿ ಇಂದಿರಾ ಸೋತರು, ಜಾರ್ಜ್ ಜೈಲಿನೊಳಗಿಂದಲೇ ಮುಜಫ್ಫರ್‌ಪುರ ಗೆದ್ದರು. ಕರ್ನಾಟಕದಲ್ಲಿ? 28ರಲ್ಲಿ 26 ಕಾಂಗ್ರೆಸ್ಸಿಗೇ. ಬೆಂಗಳೂರು ದಕ್ಷಿಣದಲ್ಲಿ ಕೆ.ಎಸ್. ಹೆಗ್ಡೆ, ಹಾಸನದಲ್ಲಿ ನಂಜೇಶ ಗೌಡ, ಜನತಾ ಪಕ್ಷದಿಂದ ಗೆದ್ದವರು ಇವರಿಬ್ಬರೇ. ಮರುವರ್ಷ ಚಿಕ್ಕಮಗಳೂರು ಇಂದಿರಾ ಅವರನ್ನೇ ಲೋಕಸಭೆಗೆ ಕಳಿಸಿತು.

ಇದನ್ನು ಮೊದಲ ಸಲ ಓದಿದಾಗ ನನಗೆ ನಾಚಿಕೆಯಾಗಿತ್ತು. ಸ್ನೇಹಲತಾ ಸತ್ತ ಎರಡೇ ತಿಂಗಳಿಗೆ ಅವರ ರಾಜ್ಯ ಹೀಗೆ ಓಟು ಹಾಕಿತಲ್ಲ ಅಂತ. ಈಗ ಹಾಗನ್ನಿಸಲ್ಲ. ಭೂಮಿ ಸಿಕ್ಕವನು ಭೂಮಿ ಕೊಟ್ಟವರಿಗೆ ಓಟು ಹಾಕಿದ. ಹಾಕುವ ಹಕ್ಕು ಅವನಿಗೆ ವಾಪಸ್ ಸಿಕ್ಕಿತ್ತು, ಅದನ್ನು ತನ್ನಿಷ್ಟದಂತೆ ಬಳಸಿದ. ಮುಕ್ತ ಚುನಾವಣೆ ಕೇಳುವವರು ತಮ್ಮ ವಿರುದ್ಧದ ಫಲಿತಾಂಶವನ್ನೂ ಕೇಳಿಕೊಳ್ಳುತ್ತಿರುತ್ತಾರೆ. ಮಹದೇವಪುರದ ಪಟ್ಟಿ ಹಿಡಿದವರಿಗೂ, ಜೂನ್ 25ನ್ನು ಸಂವಿಧಾನ ಹತ್ಯಾ ದಿನ ಅಂತ 2024ರಲ್ಲಿ ಗೆಜೆಟ್‌ನಲ್ಲಿ ಹಾಕಿಸಿದವರಿಗೂ ಈ ಮಾತು ಅಷ್ಟು ಸುಲಭವಾಗಿ ಇಳಿಯಲ್ಲ. ಒಬ್ಬರಿಗೆ ಸ್ನೇಹಲತಾ ಮುಜುಗರ, ಇನ್ನೊಬ್ಬರಿಗೆ ವರ್ಷಕ್ಕೊಮ್ಮೆ ಎತ್ತಿ ತೋರಿಸುವ ಫೋಟೋ. ಲೋಹಿಯಾವಾದಿ ಹೆಂಗಸು ಇವರಿಬ್ಬರ ಕೈಗೂ ಸಿಗುವವರಲ್ಲ.

ಕೊನೆಗೊಂದು ಕಾನೂನಿನ ವಿಷಯ. ನಮ್ಮಲ್ಲಿ ಜೈಲಿನಲ್ಲಿರುವ ಕೈದಿ ಮತ ಹಾಕುವಂತಿಲ್ಲ. ಆದರೆ ಪ್ರಜಾಪ್ರತಿನಿಧಿ ಕಾಯ್ದೆ ಮುಂಜಾಗ್ರತಾ ಬಂಧನದಲ್ಲಿರುವವರಿಗೆ ವಿನಾಯಿತಿ ಕೊಟ್ಟಿದೆ, ಅವರು ಅಂಚೆ ಮೂಲಕ ಮತ ಹಾಕಬಹುದು. ಮೀಸಾ ಬಂಧನ ಅಂಥದ್ದೇ. 1976ರ ಮೇ 2ರಿಂದ 1977ರ ಜನವರಿವರೆಗೆ ಸ್ನೇಹಲತಾ ಆ ಕೋಣೆಯಲ್ಲಿ ಮತದಾನದ ಹಕ್ಕು ಇಟ್ಟುಕೊಂಡೇ ಇದ್ದರು. ಚುನಾವಣೆ ಇರಲಿಲ್ಲ ಅಷ್ಟೇ. ಬಂದಾಗ ಅವರಿರಲಿಲ್ಲ. ಎರಡು ತಿಂಗಳಲ್ಲಿ ಯಾರೂ ಪಟ್ಟಿ ತಿದ್ದಿರಲಿಕ್ಕಿಲ್ಲ. ಹಾಗಾಗಿ ಆ ಮಾರ್ಚ್‌ನಲ್ಲಿ ಸೇಂಟ್ ಮಾರ್ಕ್ಸ್ ರಸ್ತೆಯ ಮತಗಟ್ಟೆಯ ಪಟ್ಟಿಯಲ್ಲಿ ಅವರ ಹೆಸರು ಬಹುಶಃ ಇನ್ನೂ ಇತ್ತು. ಸಂಜೆ ಪೆಟ್ಟಿಗೆಗೆ ಸೀಲು ಹಾಕುವ ಹೊತ್ತಿಗೂ ಆ ಹೆಸರಿನ ಮುಂದೆ ಗುರುತು ಬಿದ್ದಿರುವುದಿಲ್ಲ.