ಗಾಳಿಯನ್ನು ಬೆಳಕಿಗೆ ಹಿಡಿದು ನೋಡಿದ ಜಾನ್ ಟಿಂಡಾಲ್

ಹೆಂಚಿನ ಮನೆಯ ಬೆಳಕಿಂಡಿಯಿಂದ ಇಳಿಯುವ ಬಿಸಿಲುಕೋಲಿನಲ್ಲಿ ದೂಳಿನ ಕಣಗಳು ತೇಲಾಡುವುದನ್ನು ಕಾಣದವರಿಲ್ಲ. ಬಿಸಿಲು ಸರಿದೊಡನೆ ದೂಳೂ ಕಣ್ಣಿಗೆ ಮರೆಯಾಗುತ್ತದೆ. ಆದರೆ ಗಾಳಿಯಲ್ಲಿ ಅದು ಇದ್ದೇ ಇರುತ್ತದೆ. ಎಲ್ಲರೂ ಕಂಡು ಮರೆಯುವ ಈ ಸಂಗತಿಯನ್ನು ಪ್ರಯೋಗಶಾಲೆಗೆ ಒಯ್ದು, ಗಾಳಿಯ ಶುದ್ಧಿಯನ್ನು ಪರೀಕ್ಷಿಸುವ ವಿಧಾನವನ್ನಾಗಿ ಬೆಳೆಸಿದಾತ ಹತ್ತೊಂಬತ್ತನೆಯ ಶತಮಾನದ ಭೌತವಿಜ್ಞಾನಿ ಜಾನ್ ಟಿಂಡಾಲ್. ನಗರದ ಮನೆಗಳಿಗೆ ಇಂದು ಕಾಲಿಟ್ಟಿರುವ ಏರ್ ಪ್ಯೂರಿಫೈಯರ್ ಏನು ಮಾಡಬಲ್ಲದು, ಏನು ಮಾಡಲಾರದು ಎಂಬುದನ್ನು ಅರಿಯಲು ಆತನ ಬದುಕಿನಷ್ಟು ಒಳ್ಳೆಯ ಪಾಠ ಮತ್ತೊಂದಿಲ್ಲ.

ಟಿಂಡಾಲ್ ಹುಟ್ಟಿದ್ದು 1820ರ ಆಗಸ್ಟ್ 2ರಂದು, ಐರ್ಲೆಂಡಿನ ಕಾರ್ಲೋ ಪ್ರಾಂತದಲ್ಲಿ. ತಂದೆ ಪೊಲೀಸ್ ಕಾನ್‌ಸ್ಟೆಬಲ್. ಮನೆಯಲ್ಲಿ ಸಿರಿತನವಿರಲಿಲ್ಲ. 1839ರಲ್ಲಿ ಸರ್ಕಾರಿ ಭೂಮಾಪನ ಇಲಾಖೆಯಲ್ಲಿ ನಕ್ಷೆ ಬರೆಯುವ ಕೆಲಸಕ್ಕೆ ಸೇರಿದ ಆತ, ನೌಕರರನ್ನು ನಡೆಸಿಕೊಳ್ಳುತ್ತಿದ್ದ ರೀತಿಯನ್ನು ಪ್ರತಿಭಟಿಸಿ 1843ರಲ್ಲಿ ಇಂಗ್ಲೆಂಡಿನಲ್ಲಿ ಕೆಲಸ ಕಳೆದುಕೊಂಡ. ಮುಂದೆ ರೈಲು ಮಾರ್ಗಗಳ ಸರ್ವೆ, ಬಳಿಕ ಹ್ಯಾಂಪ್‌ಶೈರ್‌ನ ಶಾಲೆಯೊಂದರಲ್ಲಿ ಗಣಿತ ಬೋಧನೆ. ಇಪ್ಪತ್ತೆಂಟನೆಯ ವಯಸ್ಸಿನಲ್ಲಿ ಜರ್ಮನಿಯ ಮಾರ್ಬುರ್ಗ್‌ಗೆ ಹೋಗಿ ಬುನ್ಸೆನ್ ಮೊದಲಾದವರಲ್ಲಿ ಕಲಿತ. 1853ರಲ್ಲಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ ಪ್ರಾಧ್ಯಾಪಕನಾದ. ಮೈಕೆಲ್ ಫ್ಯಾರಡೆ ದುಡಿಯುತ್ತಿದ್ದ ಸಂಸ್ಥೆ ಅದು.

1859ರಿಂದ ಟಿಂಡಾಲ್ ಅನಿಲಗಳು ಶಾಖದ ಕಿರಣಗಳನ್ನು ಹೀರುವ ಬಗೆಯನ್ನು ಅಳೆಯತೊಡಗಿದ. ಇಂಗಾಲದ ಡೈಆಕ್ಸೈಡ್ ಬಿಸಿಲಿನಲ್ಲಿ ಹೆಚ್ಚು ಕಾಯುತ್ತದೆಂದು ಅಮೆರಿಕದ ಯೂನಿಸ್ ಫೂಟ್ 1856ರಲ್ಲೇ ತೋರಿಸಿದ್ದಳು. ಕಣ್ಣಿಗೆ ಕಾಣದ ಶಾಖಕಿರಣಗಳನ್ನು ನೀರಾವಿ, ಇಂಗಾಲದ ಡೈಆಕ್ಸೈಡ್ ಮೊದಲಾದವು ಎಷ್ಟು ಹೀರುತ್ತವೆಂದು ಉಪಕರಣ ಕಟ್ಟಿ ಅಳೆದವನು ಟಿಂಡಾಲ್. ಮನುಷ್ಯನ ಉಸಿರಿನಲ್ಲಿರುವ ಇಂಗಾಲದ ಡೈಆಕ್ಸೈಡನ್ನೂ ಇದೇ ವಿಧಾನದಿಂದ ತಿಳಿಯಬಹುದೆಂದು ಆತ ತೋರಿಸಿದ.

ಬಯಸದೆ ಎದುರಾದ ದೂಳು

ದೂಳಿನ ಸಂಶೋಧನೆ ಆತನ ಉದ್ದೇಶವೇ ಆಗಿರಲಿಲ್ಲ. ಆವಿಗಳ ಮೇಲೆ ಬೆಳಕಿನ ಪರಿಣಾಮವನ್ನು ನೋಡಲು 1868ರ ಸುಮಾರಿಗೆ ಗಾಜಿನ ಕೊಳವೆಯೊಳಗೆ ಪ್ರಖರವಾದ ಬೆಳಕನ್ನು ಹಾಯಿಸುತ್ತಿದ್ದಾಗ, ಗಾಳಿಯಲ್ಲಿದ್ದ ದೂಳು ಅಡ್ಡಿಯಾಯಿತು. ಗಾಳಿಯನ್ನು ಗಂಧಕಾಮ್ಲದಲ್ಲಿ, ಪ್ರಬಲ ಕ್ಷಾರದಲ್ಲಿ ಹಾಯಿಸಿ ತೊಳೆದರೂ ಕಣಗಳು ಉಳಿದವು. ಕೊನೆಗೆ ಗಾಳಿಯನ್ನು ಸ್ಪಿರಿಟ್ ದೀಪದ ಜ್ವಾಲೆಯ ಮೇಲಿಂದ ಸಾಗಿಸಿದ. ಕೊಳವೆಯೊಳಗೆ ಬೆಳಕಿನ ಜಾಡೇ ಅಳಿದು ಕತ್ತಲಾಯಿತು. ಸುಟ್ಟು ಹೋದ ದೂಳು ಕಲ್ಲುಮಣ್ಣಿನದಾಗಿರಲು ಸಾಧ್ಯವಿಲ್ಲ. ಅದರ ಬಹುಪಾಲು ಜೈವಿಕ ಮೂಲದ್ದೆಂದು ಆತ ಅರಿತ.

ರೋಗಕ್ಕೆ ದುರ್ಗಂಧವೇ ಕಾರಣವೆಂದು ಅನೇಕ ವೈದ್ಯರು ಇನ್ನೂ ನಂಬಿದ್ದ ಕಾಲವದು. 1870ರ ಜನವರಿಯಲ್ಲಿ ದೂಳು ಮತ್ತು ರೋಗವನ್ನು ಕುರಿತು ನೀಡಿದ ಉಪನ್ಯಾಸದಲ್ಲಿ ಟಿಂಡಾಲ್ ಲಂಡನ್ನಿನ ಗಾಳಿಯಲ್ಲಿ ತೇಲುವ ಕಣಗಳನ್ನು ಸಭೆಗೆ ತೋರಿಸಿದ. ಬೆಳಕಿನ ಕೋಲಿಗೆ ಅಡ್ಡಲಾಗಿ ತಾನೇ ಉಸಿರು ಬಿಟ್ಟ. ಉಸಿರಿನ ಕೊನೆಯ ಭಾಗ ಹಾದಲ್ಲಿ ಬೆಳಕು ಕಪ್ಪಾಯಿತು. ಒಳಗೆ ಹೋದ ಕಣಗಳು ಶ್ವಾಸಕೋಶದಲ್ಲೇ ಉಳಿದಿದ್ದವು. ಬಳಿಕ ಹತ್ತಿಯ ಅರಳೆಯ ಮೂಲಕ ಉಸಿರೆಳೆದು ಹೊರಬಿಟ್ಟ. ಈ ಬಾರಿ ಉಸಿರು ಮೊದಲಿನಿಂದಲೇ ಕಣರಹಿತವಾಗಿತ್ತು. ಸೋಂಕಿನ ನಡುವೆ ದುಡಿಯುವವರು ಹತ್ತಿಯ ಮುಖಗವಸು ಬಳಸಬಹುದೆಂಬ ಸಲಹೆ ಅಲ್ಲಿಂದ ಹುಟ್ಟಿತು.

ಅರಳೆ, ಗ್ಲಿಸರಿನ್, ಇದ್ದಿಲು

ಬೆಂಕಿ ನಂದಿಸುವವರ ಪಾಡು ಟಿಂಡಾಲ್‌ನನ್ನು ಮುಂದಿನ ಹೆಜ್ಜೆಗೆ ಎಳೆಯಿತು. ಜ್ವಾಲೆಗಿಂತ ಹೊಗೆಯೇ ಅವರನ್ನು ಬಲಿ ತೆಗೆದುಕೊಳ್ಳುತ್ತಿತ್ತು. ಒಣ ಅರಳೆ ಹೊಗೆಗೆ ಸಾಲಲಿಲ್ಲ. ಅತಿ ಸಣ್ಣ ಕಣಗಳು ನುಸುಳಿದವು. ಅರಳೆಯನ್ನು ಗ್ಲಿಸರಿನ್‌ನಲ್ಲಿ ನೆನೆಸಿದಾಗ ಕಣಗಳು ಅಂಟಿ ನಿಂತವು, ಆದರೆ ಕಣ್ಣು ಮೂಗು ಉರಿಸುವ ಆವಿಗಳು ನಿಲ್ಲಲಿಲ್ಲ. ಅವನ್ನು ಹೀರಲು ಇದ್ದಿಲಿನ ಚೂರುಗಳನ್ನು ಸೇರಿಸಿದ. ಇದ್ದಿಲಿನ ಮುಖಗವಸನ್ನು ರಸಾಯನವಿಜ್ಞಾನಿ ಜಾನ್ ಸ್ಟೆನ್‌ಹೌಸ್ 1854ರಲ್ಲೇ ರೂಪಿಸಿದ್ದ. ಟಿಂಡಾಲ್ ಅದನ್ನು ಅರಳೆಯೊಡನೆ ಜೋಡಿಸಿದ. ಇಂಗಾಲದ ಡೈಆಕ್ಸೈಡಿಗೆಂದು ಸುಣ್ಣವೂ ಬಂತು. ರಾಳದ ಮರವನ್ನು ಉರಿಸಿ ಹೊಗೆ ತುಂಬಿದ ಕಲ್ಲುಗೋಡೆಯ ಕೋಣೆಯೊಳಗೆ ಆತ ಸ್ವತಃ ಈ ಸಾಧನ ಧರಿಸಿ ಅರ್ಧ ಗಂಟೆಗೂ ಮಿಕ್ಕಿ ನಿಂತ. ಲಂಡನ್ ಅಗ್ನಿಶಾಮಕ ದಳದ ಮುಖ್ಯಸ್ಥ ಕ್ಯಾಪ್ಟನ್ ಶಾ ಕಳುಹಿಸಿದ ಸಿಬ್ಬಂದಿಯೂ ಅದೇ ಹೊಗೆಯಲ್ಲಿ ನಿರಾಯಾಸವಾಗಿ ಉಸಿರಾಡಿದರು.

ಆ ನಂತರದ ವರ್ಷಗಳಲ್ಲಿ ಜೀವಿಗಳು ತಾವಾಗಿಯೇ ಹುಟ್ಟುತ್ತವೆಂಬ ವಾದದ ವಿರುದ್ಧ ಆತ ಪಾಶ್ಚರ್‌ನ ಪಕ್ಷ ವಹಿಸಿದ. ಒಳಗೋಡೆಗೆ ಗ್ಲಿಸರಿನ್ ಬಳಿದ ಪೆಟ್ಟಿಗೆಯಲ್ಲಿ ಗಾಳಿಯನ್ನು ಕದಲಿಸದೆ ಕೆಲವು ದಿನ ಬಿಟ್ಟು, ಬೆಳಕಿನ ಜಾಡು ಅಳಿದ ಮೇಲೆ ಅದರೊಳಗೆ ಮಾಂಸದ, ತರಕಾರಿಯ ಸಾರನ್ನು ಇರಿಸಿದ. ಸಾರು ತಿಳಿಯಾಗಿಯೇ ಉಳಿಯಿತು. ಹೊರಗಿನದು ಕೆಲವೇ ದಿನಗಳಲ್ಲಿ ಕೆಟ್ಟಿತು. ಮುಂದೆ ಪ್ರಯೋಗಶಾಲೆಗೆ ಹಳೆಯ ಒಣಹುಲ್ಲು ಬಂದೊಡನೆ ಎಲ್ಲ ಪ್ರಯೋಗಗಳೂ ಕೆಟ್ಟವು. ಎದೆಗುಂದದೆ ಕ್ಯೂ ಸಸ್ಯೋದ್ಯಾನಕ್ಕೆ ಸ್ಥಳ ಬದಲಿಸಿದ ಆತ, ಹುಲ್ಲಿನ ಬೀಜಕಣಗಳು ಕುದಿತವನ್ನೂ ತಾಳುತ್ತವೆಂದು ಕಂಡುಕೊಂಡ. ಬಿಟ್ಟು ಬಿಟ್ಟು ಕಾಯಿಸಿ ಅವನ್ನು ನಾಶಮಾಡುವ ವಿಧಾನಕ್ಕೆ ಆತನ ಹೆಸರೇ ಉಳಿದಿದೆ.

ಇಂದಿನ ಯಂತ್ರದೊಳಗೆ

ಮನೆಯ ಏರ್ ಪ್ಯೂರಿಫೈಯರನ್ನು ಬಿಚ್ಚಿದರೆ ಟಿಂಡಾಲ್‌ನ ಜೋಡಣೆಯ ಹೊಸ ರೂಪ ಕಾಣುತ್ತದೆ. ಅರಳೆಯ ಸ್ಥಾನದಲ್ಲಿ ನವಿರಾದ ಎಳೆಗಳ ಹೆಪಾ ಶೋಧಕವಿದೆ. 1940ರ ದಶಕದಲ್ಲಿ ಅಮೆರಿಕದ ಅಣುಬಾಂಬ್ ಯೋಜನೆಯ ಸಂದರ್ಭದಲ್ಲಿ ಬೆಳೆದ ಈ ಶೋಧಕ, 0.3 ಮೈಕ್ರಾನ್ ಗಾತ್ರದ ಕಣಗಳಲ್ಲಿ ಶೇ 99.97ರಷ್ಟನ್ನು ತಡೆಯಬೇಕೆಂಬುದು ಅಮೆರಿಕದ ಮಾನದಂಡ. ಹೆಪಾ ಮಾದರಿ ಎಂದಷ್ಟೇ ಬರೆದ ಸರಕಿಗೆ ಈ ಭರವಸೆ ಇಲ್ಲ. ಇದ್ದಿಲಿನ ಸ್ಥಾನದಲ್ಲಿ ಸಕ್ರಿಯ ಇಂಗಾಲವಿದೆ. ಬಣ್ಣದ ವಾಸನೆ, ಒಗ್ಗರಣೆಯ ಘಾಟುಗಳಿಗೆ ಅದೇ ಬೇಕು. ತೆಳುವಾದ ಹಾಳೆಯಷ್ಟು ಇಂಗಾಲ ಬೇಗನೆ ತುಂಬಿ ನಿಷ್ಪ್ರಯೋಜಕವಾಗುತ್ತದೆ. ಯಂತ್ರದ ಮುಖದ ಮೇಲೆ ಕಣಗಳ ಅಂಕಿ ತೋರುವ ಸಂವೇದಕವೂ ಬೆಳಕಿನ ಚದುರುವಿಕೆಯನ್ನೇ ಅಳೆಯುತ್ತದೆ.

ಕೊಳ್ಳುವವರು ಮೊದಲು ನೋಡಬೇಕಾದದ್ದು ಗಂಟೆಗೆ ಎಷ್ಟು ಘನ ಮೀಟರ್ ಶುದ್ಧ ಗಾಳಿಯನ್ನು ಯಂತ್ರ ಕೊಡುತ್ತದೆಂಬ ಸಂಖ್ಯೆಯನ್ನು. ಸಿಎಡಿಆರ್ ಎಂದು ಅದನ್ನು ನಮೂದಿಸಿರುತ್ತಾರೆ. 12 ಅಡಿ ಉದ್ದ, 12 ಅಡಿ ಅಗಲ, 10 ಅಡಿ ಎತ್ತರದ ಕೋಣೆಯಲ್ಲಿ ಸುಮಾರು 41 ಘನ ಮೀಟರ್ ಗಾಳಿ ಇರುತ್ತದೆ. ಗಂಟೆಗೆ ಐದು ಬಾರಿ ಅದು ಶುದ್ಧವಾಗಬೇಕಾದರೆ 200ರ ಆಸುಪಾಸಿನ ಸಂಖ್ಯೆ ಬೇಕು. ಶೋಧಕ ಬದಲಿಸುವ ವೆಚ್ಚವನ್ನೂ ಮೊದಲೇ ಕೇಳಿಕೊಳ್ಳಬೇಕು. ಓಝೋನ್ ಹೊಮ್ಮಿಸುವ ಸಾಧನಗಳಿಂದ ದೂರವಿರುವುದು ಒಳಿತು. ಅದು ಶ್ವಾಸಕೋಶವನ್ನೇ ಕೆರಳಿಸುತ್ತದೆ. ಇನ್ನು, ಮನೆಯ ಯಂತ್ರದಲ್ಲಿ ಸುಣ್ಣವಿಲ್ಲ. ಮುಚ್ಚಿದ ಕೋಣೆಯಲ್ಲಿ ಉಸಿರಿನಿಂದ ಹೆಚ್ಚುವ ಇಂಗಾಲದ ಡೈಆಕ್ಸೈಡನ್ನು ಅದು ತೆಗೆಯಲಾರದು, ಗೀಸರ್ ಅಥವಾ ಒಲೆಯಿಂದ ಬರುವ ವಿಷಕಾರಿ ಕಾರ್ಬನ್ ಮೊನಾಕ್ಸೈಡನ್ನೂ ತೆಗೆಯಲಾರದು. ಅದಕ್ಕೆ ಕಿಟಕಿಯೇ ಬೇಕು.

ಕೊನೆಯ ದಿನಗಳು

ಟಿಂಡಾಲ್ 1876ರಲ್ಲಿ ಲೂಯಿಸಾ ಹ್ಯಾಮಿಲ್ಟನ್‌ಳನ್ನು ವಿವಾಹವಾದ. ಆಲ್ಪ್ಸ್ ಪರ್ವತಗಳನ್ನು ಹತ್ತಿ, 1861ರಲ್ಲಿ ವೈಸ್‌ಹಾರ್ನ್ ಶಿಖರವನ್ನು ಮೊದಲು ಮುಟ್ಟಿದವರಲ್ಲಿ ಒಬ್ಬನಾಗಿದ್ದ ಆತನಿಗೆ ನಿದ್ರಾಹೀನತೆ ಮಾತ್ರ ಬಹುಕಾಲ ಕಾಡಿತು. 1887ರಲ್ಲಿ ನಿವೃತ್ತನಾಗಿ, ಒಳ್ಳೆಯ ಗಾಳಿಯನ್ನು ಅರಸಿ ಸರ‍್ರೆ ಪ್ರಾಂತದ ಹೈಂಡ್‌ಹೆಡ್‌ನ ಎತ್ತರದ ಬಯಲಿನಲ್ಲಿ ಕಟ್ಟಿಸಿದ್ದ ಮನೆಯಲ್ಲಿ ನೆಲೆಸಿದ. 1893ರ ಡಿಸೆಂಬರ್ 4ರಂದು ಹೊಟ್ಟೆಯ ತೊಂದರೆಗೆ ಕೊಡಬೇಕಿದ್ದ ಮೆಗ್ನೀಷಿಯಾದ ಬದಲು ನಿದ್ದೆಯ ಔಷಧ ಕ್ಲೋರಲ್ ಅನ್ನು ಪತ್ನಿ ಪ್ರಮಾದದಿಂದ ಕೊಟ್ಟಳು. ಅಂದೇ ಆತ ತೀರಿಕೊಂಡ. ಪತಿಯ ಜೀವನಚರಿತ್ರೆಗಾಗಿ ದಶಕಗಳ ಕಾಲ ಕಾಗದಪತ್ರಗಳನ್ನು ಕೂಡಿಹಾಕಿದ ಲೂಯಿಸಾ 1940ರಲ್ಲಿ ನಿಧನಳಾದಳು. ಪುಸ್ತಕ ಹೊರಬಂದದ್ದು 1945ರಲ್ಲಿ.

ಗಾಳಿ ಶುದ್ಧವೆಂದು ಹೇಳುವವರ ಮಾತನ್ನು ಟಿಂಡಾಲ್ ನಂಬಲಿಲ್ಲ, ತನ್ನ ಕಣ್ಣನ್ನೂ ನಂಬಲಿಲ್ಲ, ಪರೀಕ್ಷಿಸಿ ನೋಡಿದ. ಅರಳೆ ಎಲ್ಲಿ ಸೋಲುತ್ತದೆಂದು ತಿಳಿದ ಮೇಲಷ್ಟೇ ಇದ್ದಿಲಿಗೆ ಕೈಹಾಕಿದ. ಅಂಗಡಿಯಲ್ಲಿ ಯಂತ್ರವೊಂದರ ಮುಂದೆ ನಿಂತವರಿಗೂ ಬೇಕಾದ ವಿವೇಕ ಇಷ್ಟೇ.