ಜೇಮ್ಸ್ ಪ್ರಿನ್ಸೆಪ್

ಇಂಗ್ಲೆಂಡಿನಲ್ಲಿ 1799ರಲ್ಲಿ ಜನಿಸಿದ ಜೇಮ್ಸ್ ಪ್ರಿನ್ಸೆಪ್ ಇಪ್ಪತ್ತರ ಹರೆಯದಲ್ಲಿ ಭಾರತಕ್ಕೆ ಬಂದನು. ಟಂಕಸಾಲೆಯಲ್ಲಿ ಬೆಳ್ಳಿಬಂಗಾರಗಳ ಶುದ್ಧತೆಯನ್ನು ಪರೀಕ್ಷಿಸುವುದು ಆತನ ಉದ್ಯೋಗ. ಹಳೆಯ ನಾಣ್ಯಗಳ ಅಭ್ಯಾಸ ಆತನ ಹವ್ಯಾಸ. ರೋಮನ್ ನಾಣ್ಯಗಳನ್ನು ಕುರಿತು ಆತನು 1832ರಲ್ಲಿ ಲೇಖನ ಬರೆದನು. ಚಕ್ರವರ್ತಿಯ ಮುಖವನ್ನೂ ಹೆಸರನ್ನೂ ಹೊತ್ತ ಆ ನಾಣ್ಯಗಳು ತಮ್ಮ ಒಡೆಯನನ್ನು ತಾವೇ ತಿಳಿಸುತ್ತಿದ್ದವು. ಭಾರತದ ಬಂಡೆ, ಕಂಬಗಳ ಮೇಲಿನ ಬ್ರಾಹ್ಮೀ ಬರೆಹವನ್ನಾದರೋ ಪೂರ್ತಿಯಾಗಿ ಓದಬಲ್ಲವರೇ ಇರಲಿಲ್ಲ.

ಸೌರಾಷ್ಟ್ರದ ಬೆಳ್ಳಿಯ ನಾಣ್ಯಗಳಲ್ಲಿ ಪ್ರಿನ್ಸೆಪ್ ಷಷ್ಠೀ ವಿಭಕ್ತಿಯ ಅಕ್ಷರವನ್ನು ಗುರುತಿಸಿದನು. ಸಾಂಚಿಯ ಕಿರುಬರೆಹಗಳ ಕೊನೆಯಲ್ಲಿಯೂ ಅದೇ ಅಕ್ಷರ, ಅದರ ಮುಂದೆ ದಾನಂ ಎಂಬ ಪದ! ಹೀಗೆ 1837ರಲ್ಲಿ ಆತನು ಲಿಪಿಯ ಗುಟ್ಟನ್ನು ಬಿಡಿಸಿದನು. ಆದರೆ ಶಾಸನಗಳು ಅರಸನನ್ನು ದೇವಾನಾಂಪ್ರಿಯ ಪ್ರಿಯದರ್ಶಿಯೆಂದು ಮಾತ್ರ ಕರೆದಿದ್ದವು. ಈತನೇ ಅಶೋಕನೆಂದು ಸಿಂಹಳದ ಗ್ರಂಥಗಳಿಂದ ತಿಳಿದುಬಂದರೂ ಶಾಸನದ ಸಾಕ್ಷ್ಯ ದೊರೆಯಲಿಲ್ಲ. ಅತಿಶ್ರಮದಿಂದ ಆರೋಗ್ಯ ಕೆಟ್ಟು, ಪ್ರಿನ್ಸೆಪ್ 1840ರಲ್ಲಿ ತನ್ನ ನಲವತ್ತನೆಯ ವಯಸ್ಸಿನಲ್ಲಿಯೇ ತೀರಿಕೊಂಡನು.

ಆ ಸಾಕ್ಷ್ಯ ದೊರೆತದ್ದು ಕನ್ನಡನಾಡಿನಲ್ಲಿ. ಲಿಂಗಸುಗೂರಿನಿಂದ ಸಿಂಧನೂರಿಗೆ ಹೋಗುವ ದಾರಿಯಲ್ಲಿರುವ ಮಸ್ಕಿಯಲ್ಲಿ, ಚಿನ್ನದ ಗಣಿಯ ಎಂಜಿನಿಯರನಾದ ಬೀಡನ್ 1915ರಲ್ಲಿ ಒಂದು ಬಂಡೆಯ ಶಾಸನವನ್ನು ಕಂಡನು. ದೇವಾನಾಂಪ್ರಿಯ ಎಂಬ ಬಿರುದಿನೊಡನೆ ಅಶೋಕ ಎಂಬ ಹೆಸರೂ ಅದರಲ್ಲಿತ್ತು. ಅದನ್ನು ಕಾಣಲು ಪ್ರಿನ್ಸೆಪ್ ಇರಲಿಲ್ಲ. ಆದರೆ ಅದನ್ನು ಓದಿದವರು ಆತನು ತೆರೆದ ದಾರಿಯಲ್ಲಿಯೇ ನಡೆದಿದ್ದರು.